ಗಾರೆಯಲ್ಲೊಂದು ಖಾಲಿ ಚೌಕ

ಹೊಳೆಯ ದಂಡೆಯ ಮೇಲೆ ಒಂದು ಮಠ. ಮಠದ ಅಂಗಳದಲ್ಲಿ ಒಂದು ಸಾಲು ಹೆಜ್ಜೆಗುರುತು.

ಗಾರೆ ಹಸಿಯಿದ್ದಾಗ ಒತ್ತಿದವು. ಎಲ್ಲವೂ ಬರಿಗಾಲಿನವು. ಕೆಲವುಗಳಲ್ಲಿ ಹಿಮ್ಮಡಿಯ ಬಿರುಕು ಕೂಡ ಮೂಡಿದೆ.

ಮೊದಲನೆಯದು ಮಠ ಕಟ್ಟಿದ ಹಿರಿಯಜ್ಜನದು. ಉಳಿದವು, ಪರದೇಶಕ್ಕೆ ಸೇವೆಗೆಂದು ಹೋಗಿ ವ್ರತ ಕೆಡದೆ ಮರಳಿದ ಶಿಷ್ಯರವು.

ವ್ರತ ಎಂದರೆ ಎರಡೇ ಮಾತು. ಕರೆದಲ್ಲಿಗೆ ಹೋಗಬೇಕು. ಬರಿಗಾಲಲ್ಲಿ ಹೋಗಬೇಕು.

ಮಠದಲ್ಲಿ ಮದ್ದು ಕಾಯಿಸುವ ಶಿಷ್ಯ ಚನ್ನವೀರ ದಿನವೂ ಆ ಸಾಲಿನ ಕಸ ಗುಡಿಸುತ್ತಿದ್ದ. ಯಾರೂ ಇಲ್ಲದಾಗ ಒಂದೊಂದು ಗುರುತಿನ ಮೇಲೂ ತನ್ನ ಕಾಲು ಹಿಡಿದು ಅಳತೆ ನೋಡುತ್ತಿದ್ದ. ಅವನಿಗೆ ಇದ್ದದ್ದು ಒಂದೇ ಆಸೆ. ಆ ಸಾಲಿನಲ್ಲಿ ತನ್ನದೊಂದು ಹೆಜ್ಜೆ ಇರಬೇಕು.

ಒಂದು ಬೇಸಿಗೆಯಲ್ಲಿ ಉಣ್ಣೆಯ ವ್ಯಾಪಾರಿಗಳು ಬಂದರು. ಬೆಟ್ಟಗಳ ಆಚೆಯ ಹಿಮದ ನಾಡಿನವರು.

"ನಮ್ಮಲ್ಲಿ ಮದ್ದು ಕೊಡುವವರಿಲ್ಲ" ಎಂದರು. "ಒಬ್ಬರನ್ನು ಕಳಿಸಿ."

ಮಠದ ಈಗಿನ ಗುರು ನಿಂಗಯ್ಯಜ್ಜ ಶಿಷ್ಯರ ಕಡೆ ನೋಡಿದರು. ಕೆಲವರು ಹೊಳೆ ನೋಡಿದರು, ಕೆಲವರು ಆಕಾಶ ನೋಡಿದರು.

ಚನ್ನವೀರ ಎದ್ದು ನಿಂತ.

"ಹೋಗು" ಎಂದರು ಅಜ್ಜ. ಮತ್ತೇನೂ ಹೇಳಲಿಲ್ಲ.

ಒಂದು ಚಳಿಗಾಲ ಕಳೆದು ಚನ್ನವೀರ ಮರಳಿದ. ಕುಂಟುತ್ತಿದ್ದ. ಎದೆ ಮಾತ್ರ ಸೆಟೆದಿತ್ತು.

ಬಾಗಿಲಲ್ಲಿ ಮುಪ್ಪಯ್ಯ ನಿಂತಿದ್ದ. ಮಠದ ಶಿಷ್ಯರಲ್ಲೆಲ್ಲ ಹಿರಿಯ. ಮಠದ ನೇಮ ನಿಷ್ಠೆ ನೋಡಿಕೊಳ್ಳುವವನು.

"ಕಾಲಿಗೇನಾತೋ?"

"ವ್ರತ ಕೆಡಲಿಲ್ಲ" ಎಂದ ಚನ್ನವೀರ.

"ಅದನ್ನ ಕೇಳಲಿಲ್ಲ. ಕಾಲಿಗೇನಾತು?"

"ಅದನ್ನ ಹೇಳಿದೆ."

ಮುಪ್ಪಯ್ಯನಿಗೆ ಅರ್ಥವಾಯಿತು. ಅವನೇ ಓಡಿಹೋಗಿ ಗಾರೆ ಕಲಸಿಸಿದ. ಸಾಲಿನ ಕೊನೆಗೆ ಒಂದು ಚೌಕ ಹಾಕಿಸಿದ. ಊರವರು ನೆರೆದರು. ಅಜ್ಜ ಬಂದು ಕಟ್ಟೆಯ ಮೇಲೆ ಕುಳಿತರು.

"ಹೇಳು" ಎಂದರು.

"ಏನಂತ ಹೇಳಲಿ ಅಜ್ಜಾರ! ಆ ನಾಡಿನಾಗ ಹಿಮ ಬಿತ್ತಂದ್ರ ಹೊಲ ಯಾವುದು, ಹೊಳಿ ಯಾವುದು ಗೊತ್ತಾಗೂದಿಲ್ಲರಿ. ಹೊಳಿ ಮ್ಯಾಲೇ ಕುರಿ ಹೊಡಕೊಂಡು ಹೋಗ್ತಾರ. ಮಾತಾಡಿದ್ರ ಉಸಿರು ಮೀಸಿ ಮ್ಯಾಲೆ ಗಟ್ಟಿ ಆಗಿ ಕೂಡತೈತಿ."

"ನಿನಗ ಮೀಸಿ ಎಲ್ಲೈತೋ?" ಎಂದ ಮುಪ್ಪಯ್ಯ. ಊರವರು ನಕ್ಕರು.

"ನಂದಲ್ಲ, ತೋಂದುಪನ ಮೀಸಿ."

"ತೋಂದುಪ ಯಾರು?" ಅಜ್ಜ ಕೇಳಿದರು.

"ಕುರಿ ಕಾಯಾವರಿ. ಅವರ ಮನ್ಯಾಗ ನಾ ಇದ್ದದ್ದು."

"ಹೂಂ."

"ಮೊದಲ ಹಿಮ ಬಿದ್ದ ಮರುದಿನಾನ ಕರೆ ಬಂತರಿ. ಮ್ಯಾಲಿನ ಹಟ್ಟಿಯಾಗ ಒಬ್ಬ ಬಾಣಂತಿಗೆ ಜ್ವರ. ಎಲ್ಲಾರೂ ಬೂಟು ತಂದು ಮುಂದ ಇಟ್ರು. ಕೈಮುಗದು ಹಾಕ್ಕೋ ಅಂದ್ರು. ನಾ ಮುಟ್ಟಲಿಲ್ಲ. ಬರಿಗಾಲಲ್ಲೇ ಹತ್ತಿದೆ. ಬಾಣಂತಿ ಉಳದಳು. ನನ್ನ ಬೆರಳು ಕರ್ರಗಾದವು."

ಅವನು ಬಲಗಾಲು ಮುಂದೆ ಚಾಚಿದ. ಎರಡು ಬೆರಳು ಇರಲಿಲ್ಲ.

ನೆರೆದವರಲ್ಲಿ ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಒಬ್ಬ ಮುದುಕ ದೂರದಿಂದಲೇ ಆ ಕಾಲಿಗೆ ಕೈಮುಗಿದ. ಚನ್ನವೀರನ ಮುಖದಲ್ಲಿ ಬೆಳಕು.

"ಆಮ್ಯಾಲೆ?" ಎಂದರು ಅಜ್ಜ.

"ಆಮ್ಯಾಲೂ ಬೂಟು ಹಾಕಲಿಲ್ಲರಿ."

"ಕರೆ ಬರಲಿಲ್ಲೇನು?"

"ಬಂದವರಿ. ದಿನಾ ಬರ್ತಿದ್ದವು. ಒಂದಕ್ಕೂ ಇಲ್ಲ ಅನ್ನಲಿಲ್ಲ ನಾನು."

"ಹೆಂಗ ಹೋದಿ?"

"ತೋಂದುಪ ಬೆನ್ನ ಮ್ಯಾಲೆ ಹೊತ್ತುಕೊಂಡು ಹೋಗ್ತಿದ್ದರಿ. ಅವನ ಸೊಂಟದ ಮಟ ಹಿಮ. ನನ್ನ ಕಾಲಿಗೆ ಥಂಡಿ ಹತ್ತಬಾರದಂತ ಅಂಗಿ ಗುಂಡಿ ಬಿಚ್ಚಿ ತನ್ನ ಹೊಟ್ಟಿಗೆ ಒತ್ತಿ ಹಿಡಕೋತಿದ್ದ. ಮನಿಗೆ ಬಂದು ಕೆಮ್ಮತಿದ್ದ. ಆದ್ರ ಒಮ್ಮೆನೂ ಆಗೂದಿಲ್ಲ ಅನ್ನಲಿಲ್ಲ."

"ಅವನ ಕುರಿ ಯಾರು ಕಾಯ್ತಿದ್ರು?"

"ಕುರಿ ದೊಡ್ಡ್ಯಾಗ ಇರ್ತಿದ್ದವರಿ. ಅಲ್ಲಿ ಮಾಳಿಗಿ ಮ್ಯಾಲೆ ಬಿದ್ದ ಹಿಮ ಆಗಾಗ ಸಲಿಕಿಲೆ ಎಳದು ಹಾಕಬೇಕು. ಇಲ್ಲಂದ್ರ ಭಾರಕ್ಕ ಕುಸೀತೈತಿ. ಒಂದಿನ ನಾವಿಬ್ಬರೂ ಮ್ಯಾಲಿನ ಹಟ್ಟಿಗೆ ಹೋಗಿದ್ವಿ. ಹಿಮ ಭಾಳ ಬಿತ್ತು. ದೊಡ್ಡಿ ಮಾಳಿಗಿ ಕುಸೀತು."

"ಕುರಿ?"

"ಅರ್ಧಕ್ಕರ್ಧ ಸತ್ತವರಿ."

"ತೋಂದುಪ ಏನಂದ?"

"ಒಂದು ಮಾತೂ ಆಡಲಿಲ್ಲ ನೋಡ್ರಿ! ಮರುದಿನ ಮತ್ತ ಕರೆ ಬಂತು. ಮುಂದ ಬಂದು ಬೆನ್ನು ಬಗ್ಗಿಸಿದ. ಎಂಥಾ ಭಕ್ತಿ!"

"ಆಹಾ" ಎಂದರು ಊರವರು.

ಅಜ್ಜ ತಮ್ಮ ಕೋಲಿನ ತುದಿ ನೋಡುತ್ತ ಕುಳಿತರು.

"ಆ ನಾಡಿನಾಗ ಬೂಟಿಲ್ಲದವರು ಯಾರ್ಯಾರದಾರ?"

"ಯಾರೂ ಇಲ್ಲರಿ. ಭಿಕ್ಷೆ ಬೇಡವರಿಗೂ ಬೂಟು ಅದಾವ. ಇಲ್ಲದಾವ ನಾನೊಬ್ಬನ." ಚನ್ನವೀರ ತಲೆಯೆತ್ತಿ ಹೇಳಿದ.

"ಅಜ್ಜಾರ, ಗಾರೆ ಬಿಗೀತೈತಿ" ಎಂದ ಮುಪ್ಪಯ್ಯ. "ಹೆಜ್ಜಿ ಇಡಸ್ರಿ."

ಚನ್ನವೀರ ಎದ್ದ. ಹಿರಿಯಜ್ಜನ ಗುರುತಿಗೆ ನಮಸ್ಕಾರ ಮಾಡಿದ. ಹಸಿ ಚೌಕದ ಮುಂದೆ ನಿಂತು ಬಲಗಾಲು ಎತ್ತಿದ.

ಅಜ್ಜನ ಕೋಲು ಅಡ್ಡ ಬಂತು.

"ತಡಿ" ಎಂದರು ಅಜ್ಜ. "ನಡದಾವ ಬರಲಿ."

ಎತ್ತಿದ ಕಾಲು ಎಲ್ಲಿಡಬೇಕೆಂದು ಚನ್ನವೀರನಿಗೆ ತಿಳಿಯಲಿಲ್ಲ. ಅಜ್ಜ ಎದ್ದು ಒಳಗೆ ಹೋದರು. ಊರವರು ಒಬ್ಬೊಬ್ಬರಾಗಿ ಕರಗಿದರು.

ಗಾರೆ ಖಾಲಿಯೇ ಒಣಗಿತು.

ಚನ್ನವೀರ ಅಂದು ಊಟ ಮುಟ್ಟಲಿಲ್ಲ.

"ಎರಡು ಬೆರಳು ಕೊಟ್ಟೀನಿ" ಎಂದ ಮುಪ್ಪಯ್ಯನ ಮುಂದೆ. "ಈ ಸಾಲಿನ್ಯಾಗ ಯಾರು ಕೊಟ್ಟಾರ? ಹೇಳು."

"ನನ್ನ ಯಾಕ ಕೇಳ್ತಿ? ಅವರನ್ನ ಕೇಳು."

"ಅವರು ಹೂಂ ಅಂತಾರ. ಇನ್ನೇನಂತಾರ?"

"ಮತ್ತ, ಉಣ್ಣು. ಸಿಟ್ಟಿಗೆ ಹೊಟ್ಟಿ ತುಂಬೂದಿಲ್ಲ."

ಮರುದಿನ ಬೆಳಗ್ಗೆ ಚನ್ನವೀರ ಒಲೆಯ ಮೇಲೆ ಕಷಾಯ ಇಟ್ಟಿದ್ದ. ಅದು ಅವನ ಪಾಲಿನ ಕೆಲಸ. ಮಠಕ್ಕೆ ಬರುವ ರೋಗಿಗಳೆಲ್ಲ ಆ ಒಂದು ಪಾತ್ರೆ ನಂಬಿಕೊಂಡವರು.

ಅಜ್ಜ ಅಡುಗೆಮನೆಯ ಬಾಗಿಲಿಗೆ ಬಂದರು. ಹೆಗಲಲ್ಲಿ ಜೋಳಿಗೆ.

"ಭಿಕ್ಷಾಕ್ಕ ಹೋಗೂಣು. ಬಾ."

"ಕಷಾಯ ಐತ್ರಿ ಅಜ್ಜಾರ. ಒಂದೀಟು ತಡೀರಿ."

"ಕರೆದೆ."

ಚನ್ನವೀರ ಹೊರಗೆ ಬಂದ.

"ಬಗ್ಗು" ಎಂದರು ಅಜ್ಜ.

"ಏನ್ರಿ?"

"ಬೆನ್ನು ಬಗ್ಗಿಸು."

ಬಗ್ಗಿಸಿದ. ಅಜ್ಜ ಹತ್ತಿ ಕುಳಿತರು. ಮುದುಕ ಸಣ್ಣಗಿದ್ದ ಹಾಗೆ ಕಂಡರೂ ಎಲುಬು ಕಬ್ಬಿಣದ ಹಾಗೆ ಭಾರ. ಬೆರಳಿಲ್ಲದ ಕಾಲು ನೆಲ ಹಿಡಿಯದೆ ಚನ್ನವೀರ ತೂರಾಡಿದ.

"ಮೆಲ್ಲಗ" ಎಂದರು ಅಜ್ಜ. "ನನ್ನ ಕಾಲು ಹಿಡಕೋ. ಥಂಡಿ ಐತಿ."

ಮೊದಲ ಮನೆ ಶಿವಗಂಗವ್ವನದು. ರೊಟ್ಟಿ ಹಿಡಿದು ಹೊರಗೆ ಬಂದವಳು ನಿಂತೇಬಿಟ್ಟಳು.

"ಇದೇನ್ರಿ ಅಜ್ಜಾರ, ಕೂಸಾಗೀರಿ?"

"ಬರಿಗಾಲಲ್ಲೇ ಬಂದೀನಿ ತಾಯಿ" ಎಂದರು ಅಜ್ಜ, ಮೇಲಿನಿಂದ. "ನೋಡು."

ಅಂಗಾಲು ತೋರಿಸಿದರು. ಶಿವಗಂಗವ್ವ ನಕ್ಕಳು. ರೊಟ್ಟಿ ಜೋಳಿಗೆಗೆ ಬಿತ್ತು.

ಎರಡನೆಯ ಮನೆಯಲ್ಲೂ ಅದೇ.

"ಬರಿಗಾಲಲ್ಲೇ ಬಂದೀನಿ. ಒಂದು ಮುಳ್ಳೂ ಹತ್ತಿಲ್ಲ ನೋಡು."

ಊರ ತುದಿಯವರೆಗೆ ಹೋದರು. ಅಲ್ಲಿಂದ ಕೆರೆಯ ಆಚೆಯ ಕೇರಿಗೂ ಹೋಗಬೇಕೆಂದರು. ಚನ್ನವೀರನ ಕತ್ತಿನ ಮೇಲೆ ಬೆವರು ಹರಿಯಿತು. ಮಠದ ಮಾಡಿನಿಂದ ಕಪ್ಪು ಹೊಗೆ ಏಳುವುದು ಅವನಿಗೆ ದೂರದಿಂದಲೇ ಕಂಡಿತು.

"ಅಜ್ಜಾರ, ಕಷಾಯ ಹತ್ತಾಕತ್ತೈತಿ ಅನಸ್ತೈತಿ."

"ಕೇರಿ ಉಳದೈತಿ" ಎಂದರು ಅಜ್ಜ.

ಚನ್ನವೀರ ಹಲ್ಲು ಕಚ್ಚಿ ನಡೆದ.

ಮಠಕ್ಕೆ ಮರಳಿದಾಗ ಅಂಗಳದಲ್ಲಿ ರೋಗಿಗಳು ಕುಳಿತಿದ್ದರು. ಮುಪ್ಪಯ್ಯ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ತಂದು ನೆಲಕ್ಕೆ ಬಡಿದ. ತಳದಲ್ಲಿ ಕರಿ ಮಾತ್ರ.

"ಎಲ್ಲಿಗೆ ಹೋಗಿದ್ಯೋ? ಈ ಮಂದಿಗೆ ಏನು ಕೊಡಲಿ? ಮಸಿ ಕೊಡಲೇನು?"

ಚನ್ನವೀರ ಬಾಯಿ ತೆರೆದ. ಮುಚ್ಚಿದ. ಬೆನ್ನ ಮೇಲಿನವರನ್ನು ದೂರುವುದು ಹೇಗೆ?

ಅಜ್ಜ ಇಳಿದರು. ಪಂಚೆ ಕೊಡವಿಕೊಂಡರು.

"ಒಂದು ಮಾತೂ ಆಡಲಿಲ್ಲ ನೋಡು ಮುಪ್ಪಯ್ಯ" ಎಂದರು. "ಎಂಥಾ ಭಕ್ತಿ!"

ಒಳಗೆ ಹೋದರು.

ಚನ್ನವೀರ ಹೊಳೆಯ ಕಡೆ ನಡೆದ. ಬಂಡೆಯ ಮೇಲೆ ಕುಳಿತು ನೀರಿಗೆ ಕಾಲು ಇಳಿಬಿಟ್ಟ. ಬೆನ್ನು ಸೀಳುವ ಹಾಗೆ ನೋಯುತ್ತಿತ್ತು. ಮೊದಲ ಬಾರಿಗೆ ಅವನು ತೋಂದುಪನ ಬೆನ್ನನ್ನು ನೆನೆದ. ಇಡೀ ಚಳಿಗಾಲ ಕಣ್ಣ ಮುಂದೆಯೇ ಇದ್ದ ಬೆನ್ನು. ಅದರ ಮೇಲಿಂದ ಅವನು ಬೆಟ್ಟ ನೋಡಿದ್ದ, ಆಕಾಶ ನೋಡಿದ್ದ. ಬೆನ್ನು ನೋಡಿರಲಿಲ್ಲ.

ಬಿಸಿಲು ಏರುವ ಹೊತ್ತಿಗೆ ಬಂದು ಅಜ್ಜನ ಮುಂದೆ ನಿಂತ.

"ಮತ್ತ ಹೋಗ್ತೀನ್ರಿ."

"ಎಲ್ಲಿಗೆ?"

"ಹಿಮದ ನಾಡಿಗೆ."

"ಯಾರೂ ಕರೆದಿಲ್ಲಲ್ಲ."

"ಕರೆಯೂದಿಲ್ಲರಿ ಅವರು. ನಾ ಅಲ್ಲಿ ಇದ್ದಾಗೂ ಅವ ಕರೆದಿಲ್ಲ. ಅವನ ದೊಡ್ಡಿ ಕುಸದದ್ದು ನನಗ ಕರೆಯಾಗಿ ಕೇಳಿಸಬೇಕಿತ್ತು."

ಅಜ್ಜ ಹೂಂ ಎನ್ನಲಿಲ್ಲ. ಪಕ್ಕದಲ್ಲಿ ಜಾಗ ತೋರಿಸಿದರು. ಇಬ್ಬರೂ ಕುಳಿತು ಶಿವಗಂಗವ್ವನ ರೊಟ್ಟಿ ತಿಂದರು.

ಹೊರಡುವ ದಿನ ಮುಪ್ಪಯ್ಯ ಬಾಗಿಲವರೆಗೆ ಬಂದ.

"ಬೂಟು ಹಾಕ್ತೀ ಏನು?"

"ಹಾಕ್ತೀನಿ."

"ಹಾಕಿದ್ರ ಈ ಸಾಲಿನ್ಯಾಗ ನಿನಗ ಜಾಗ ಇಲ್ಲ. ತಿಳೀತೇನು?"

ಚನ್ನವೀರ ಅಂಗಳದ ಖಾಲಿ ಚೌಕದ ಕಡೆ ಒಮ್ಮೆ ನೋಡಿದ.

"ತಿಳೀತು" ಎಂದ.

ಅವನು ತಲುಪಿದಾಗ ಬೆಟ್ಟದ ತುದಿಗಳು ಬೆಳ್ಳಗಾಗಿದ್ದವು. ತೋಂದುಪ ಅಂಗಳದಲ್ಲಿ ಉಣ್ಣೆ ಬಿಡಿಸುತ್ತಿದ್ದ. ಚನ್ನವೀರನನ್ನು ಕಂಡವನೇ ನಿಟ್ಟುಸಿರು ಬಿಟ್ಟ. ಎದ್ದು ಬಂದು ಬೆನ್ನು ಬಗ್ಗಿಸಿ ಕುಳಿತ.

"ಏಳು ಮಾರಾಯ" ಎಂದ ಚನ್ನವೀರ. "ಬೂಟು ಕೊಡು."

ತೋಂದುಪ ಕುಳಿತಲ್ಲಿಂದಲೇ ತಿರುಗಿ ನೋಡಿದ.

"ಪೇಮಾ!" ಎಂದು ಹೆಂಡತಿಯನ್ನು ಕೂಗಿದ. "ಬೇಗ ಬಾ. ಸ್ವಾಮಿಗೆ ಕಾಲು ಹುಟ್ಟಿವೆ!"

ಪೇಮಾ ಬಂದಳು. ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು.

"ಇಷ್ಟು ಸುಲಭದ ಮಾತನ್ನು ಹೋದ ವರ್ಷವೇ ಆಡಬಾರದಿತ್ತೇ?"

ಚನ್ನವೀರ ಅವಳಿಗೆ ಕೈಮುಗಿದ.

"ಹೋಗಲಿ ಬಿಡೇ" ಎಂದ ತೋಂದುಪ.

"ನೀನು ಭಕ್ತಿಯಿಂದ ಹೊತ್ತೆ ಅಂದುಕೊಂಡಿದ್ದೆ" ಎಂದ ಚನ್ನವೀರ.

"ಭಕ್ತಿಯೇ?" ತೋಂದುಪ ಮೀಸೆ ಒರೆಸಿಕೊಂಡ. "ಮೇಲಿನ ಹಟ್ಟಿಯ ಆ ಬಾಣಂತಿ ನನ್ನ ತಂಗಿ. ಉಳಿದವರೂ ನಮ್ಮವರೇ. ನಾನು ಹೊತ್ತದ್ದು ಮದ್ದನ್ನು. ನೀನು ಅದಕ್ಕೆ ಅಂಟಿಕೊಂಡಿದ್ದೆ."

ಅಂದು ಚನ್ನವೀರ ಹೊಟ್ಟೆ ತುಂಬ ನಕ್ಕ. ಬಹಳ ದಿನಗಳ ಮೇಲೆ ನಕ್ಕದ್ದು.

ಪೇಮಾ ಅವನಿಗೆ ಬೂಟು ಹೊಲಿದಳು. ಮೇಲೆ ಉಣ್ಣೆ, ಅಡಿಗೆ ತೊಗಲು. ಬಲಗಾಲಿನದರಲ್ಲಿ ಎರಡು ಬೆರಳಿನ ಜಾಗಕ್ಕೆ ಉಣ್ಣೆಯ ಉಂಡೆ ತುಂಬಿದಳು.

ಹಿಮ ಬಿತ್ತು.

ಹಿಮದಲ್ಲಿ ನಡೆಯುವುದು ಬೇರೆಯೇ ವಿದ್ಯೆ. ಚನ್ನವೀರ ಬಿದ್ದ. ಎದ್ದ. ಮಕ್ಕಳು ಅವನು ಬಿದ್ದ ಗುಂಡಿಗಳಿಗೆಲ್ಲ ಹೆಸರಿಟ್ಟರು. ಸ್ವಾಮಿಯ ಮಂಚ, ಸ್ವಾಮಿಯ ತೊಟ್ಟಿಲು ಎಂದು.

ಬಿಡುವಿದ್ದ ದಿನ ತೋಂದುಪನ ಜೊತೆ ಮಾಳಿಗೆ ಹತ್ತಿ ಸಲಿಕೆ ಹಿಡಿದ. ಕೈಯಲ್ಲಿ ಬೊಬ್ಬೆ ಎದ್ದವು. ಬೊಬ್ಬೆ ಒಡೆದು ಗಟ್ಟಿಯಾದವು.

ಚಳಿ ತೀರ ಏರಿದ ಕಾಲದಲ್ಲಿ ಒಂದು ದಿನ ಮೇಲಿನ ಹಟ್ಟಿಯಿಂದ ಕರೆ ಬಂತು. ಒಬ್ಬ ಅಜ್ಜಿಗೆ ಉಸಿರು ಕಟ್ಟುತ್ತಿದೆ. ಆಗಲೇ ಹಿಮ ಸುರಿಯುತ್ತಿತ್ತು.

ತೋಂದುಪ ಅಂಗಿ ಹಾಕಿಕೊಳ್ಳತೊಡಗಿದ.

"ನೀನೆಲ್ಲಿಗೆ?" ಎಂದ ಚನ್ನವೀರ. "ದಾರಿ ಗೊತ್ತು ನನಗೆ. ನೀನು ಮಾಳಿಗೆ ನೋಡಿಕೋ."

"ಬಿದ್ದರೆ?"

"ಅದಕ್ಕೂ ಹೆಸರಿಡಿ."

ಮದ್ದಿನ ಗಂಟು ಎದೆಗೆ ಕಟ್ಟಿಕೊಂಡು ಹೊರಟ. ತೊಡೆ ಮುಳುಗುವ ಹಿಮ. ಕಾಲು ಕಿತ್ತು ಇಡಬೇಕು, ಕಿತ್ತು ಇಡಬೇಕು. ಹೋದ ವರ್ಷ ಇದೇ ದಾರಿಯಲ್ಲಿ ಬೆನ್ನ ಮೇಲೆ ಕುಳಿತು ಅವನು ಮಂತ್ರ ಹೇಳಿಕೊಳ್ಳುತ್ತಿದ್ದ. ಈಗ ಮಂತ್ರಕ್ಕೆ ಉಸಿರು ಸಾಲಲಿಲ್ಲ.

ಅರ್ಧ ಏರು ಹತ್ತಿ ತಿರುಗಿ ನೋಡಿದ.

ಕೆಳಗೆ, ಬಿಳಿಯ ನಡುವೆ, ಒಂದು ಕಪ್ಪು ಚುಕ್ಕೆ. ತೋಂದುಪ ದೊಡ್ಡಿಯ ಮಾಳಿಗೆಯ ಮೇಲೆ ನಿಂತು ಹಿಮ ಎಳೆದು ಹಾಕುತ್ತಿದ್ದ. ಚನ್ನವೀರ ನಿಂತದ್ದು ಕಂಡು ಸಲಿಕೆ ಮೇಲೆತ್ತಿ ಬೀಸಿದ.

ಚನ್ನವೀರನೂ ಎರಡು ಕೈ ಎತ್ತಿದ. ಬೆರಳು ಕಳೆದುಕೊಂಡ ದಿನವೂ ಅವನ ಎದೆ ಇಷ್ಟು ಉಬ್ಬಿರಲಿಲ್ಲ.

ಅಜ್ಜಿ ಉಳಿದಳು. ಆ ವರ್ಷ ಯಾವ ದೊಡ್ಡಿಯೂ ಕುಸಿಯಲಿಲ್ಲ. ಬೇಸಿಗೆಗೆ ತೋಂದುಪನ ಕುರಿಗಳು ಮರಿ ಹಾಕಿದವು.

"ಈ ಸಲ ನನ್ನ ಜೊತೆ ಬಾ" ಎಂದ ಚನ್ನವೀರ, ಹೊರಡುವಾಗ. "ನಮ್ಮ ಅಜ್ಜ ನಿನ್ನ ದಾರಿ ನೋಡುತ್ತಿದ್ದಾರೆ."

"ಮರಿಗಳನ್ನು ಬಿಟ್ಟು? ಆಗದ ಮಾತು."

"ಹಾಗಾದರೆ ನಿನ್ನ ಹಳೆಯ ಬೂಟು ಕೊಡು. ಹೋದ ವರ್ಷ ಹಾಕಿಕೊಂಡು ನಡೆದಿದ್ದೆಯಲ್ಲ, ಅದು."

"ಅದು ಹರಿದುಹೋಗಿದೆ. ನಾಯಿ ಕೂಡ ಮೂಸುವುದಿಲ್ಲ."

"ಅದೇ ಬೇಕು."

ತೋಂದುಪ ತಲೆ ಕೆರೆದುಕೊಂಡು ಒಳಗೆ ಹೋದ.

ಮಠದ ಬಾಗಿಲಿಗೆ ಬಂದಾಗ ಚನ್ನವೀರ ಬರಿಗಾಲಲ್ಲಿದ್ದ. ಪೇಮಾ ಹೊಲಿದ ಬೂಟು ಹೆಗಲಿಗೆ ತೂಗುಬಿದ್ದಿತ್ತು. ಮುಚ್ಚಿಡಲಿಲ್ಲ. ಕೈಯಲ್ಲಿ ಇನ್ನೊಂದು ಗಂಟು.

ಮುಪ್ಪಯ್ಯ ಹೆಗಲ ಕಡೆ ನೋಡಿದ. ಕೇಳುವುದೇನೂ ಉಳಿದಿರಲಿಲ್ಲ.

ಅವನು ಬರುವ ಸುದ್ದಿ ಕೇಳಿ ಅಂಗಳದಲ್ಲಿ ಊರವರು ನೆರೆದಿದ್ದರು. ಅಜ್ಜ ಹೋದ ವರ್ಷದ ಖಾಲಿ ಚೌಕವನ್ನು ಅಗೆಸಿ ಹೊಸ ಗಾರೆ ತುಂಬಿಸಿದ್ದರು. ಗಾರೆ ಹಸಿಯಾಗಿ ಹೊಳೆಯುತ್ತಿತ್ತು.

"ಹೇಳು" ಎಂದರು ಅಜ್ಜ.

"ಬೂಟು ಹಾಕಿಕೊಂಡೇ ನಡದೆ ಅಜ್ಜಾರ. ಕರೆದಲ್ಲಿಗೆಲ್ಲ ಹೋದೆ. ಮಾಳಿಗಿ ಯಾವುದೂ ಬೀಳಲಿಲ್ಲ."

"ಮತ್ತ?"

"ಅಷ್ಟರಿ."

ಹೋದ ವರ್ಷ ಕಾಲಿಗೆ ಕೈಮುಗಿದ ಮುದುಕ ಈ ಸಲ ಸುಮ್ಮನೆ ನಿಂತಿದ್ದ. ಚನ್ನವೀರ ಅದನ್ನು ನೋಡಿದ. ಅವನಿಗೆ ಏನೂ ಅನ್ನಿಸಲಿಲ್ಲ.

ಅಜ್ಜ ಅವನ ಮುಖ ನೋಡಿದರು. ಅವರ ಕಣ್ಣಿನಲ್ಲಿ ಏನೋ ಮಿಂಚಿತು. ಅಂಥದ್ದನ್ನು ಮಠದಲ್ಲಿ ಯಾರೂ ಕಂಡಿರಲಿಲ್ಲ.

"ನಡದಾವ ಬಂದಾನೇನು?" ಎಂದು ಕೇಳಿದರು.

"ತಂದೀನ್ರಿ."

ಚನ್ನವೀರ ಗಂಟು ಬಿಚ್ಚಿದ. ತೋಂದುಪನ ಹಳೆಯ ಬೂಟು ಹೊರಗೆ ಬಂತು. ಬದಿ ಹರಿದಿತ್ತು. ಅಡಿಯ ತೊಗಲು ಒಂದು ಕಡೆ ತೀರ ಸವೆದಿತ್ತು. ಕುರಿಯ ವಾಸನೆ ಅಂಗಳಕ್ಕೆಲ್ಲ ಹರಡಿತು.

ಅವನು ಹಿರಿಯಜ್ಜನ ಗುರುತಿಗೆ ನಮಸ್ಕಾರ ಮಾಡಿದ. ಬೂಟನ್ನು ಎರಡು ಕೈಯಲ್ಲಿ ಹಿಡಿದು ಹಸಿ ಚೌಕದ ಮುಂದೆ ಮೊಣಕಾಲೂರಿ ಕುಳಿತ.

"ಅಜ್ಜಾರ!" ಮುಪ್ಪಯ್ಯ ನಡುವೆ ಬಂದ. "ತೊಗಲು ಅದು! ಹಿರಿಯಜ್ಜನ ಸಾಲಿನ್ಯಾಗ ತೊಗಲು! ನಮ್ಮ ಮಠ ಕಂಡಿಲ್ಲ, ಹೆಸರು ಕೇಳಿಲ್ಲ, ಎಲ್ಲಿಯದೋ ಕುರಿ ಕಾಯಾವನ ಹರಕ ಬೂಟು!"

ಅಜ್ಜ ಕಟ್ಟೆಯಿಂದ ಇಳಿದು ಬಂದರು. ಮುಪ್ಪಯ್ಯನನ್ನು ಕೋಲಿನಿಂದ ಮೆಲ್ಲಗೆ ಬದಿಗೆ ಸರಿಸಿದರು. ಚನ್ನವೀರನ ಹೆಗಲ ಮೇಲೆ ಕೈಯಿಟ್ಟರು.

"ಒತ್ತಿ ಇಡು ತಮ್ಮಾ" ಎಂದರು. "ಅದರ ಮ್ಯಾಲೆ ಇಬ್ಬರ ಭಾರ ಇತ್ತು."